ಒಂದಾಳಿನ ಸ್ಟುಡಿಯೊ, 140 ದಿನ

ಕರ್ನಾಟಕದ ಯಾವ ಊರಿನ ಪ್ರಿಂಟಿಂಗ್ ಪ್ರೆಸ್ಸಿಗಾದರೂ ಹೋಗಿ ಮದುವೆ ಕಾರ್ಡೋ ಬಿಲ್ ಬುಕ್ಕೋ ಮಾಡಿಸಿ ನೋಡಿ. ರಸೀದಿಯಲ್ಲಿ ಕಾಗದದ ದರ ಇರುತ್ತದೆ, ಮುದ್ರಣದ ದರ ಇರುತ್ತದೆ, ಲ್ಯಾಮಿನೇಶನ್ ಮಾಡಿಸಿದ್ದರೆ ಅದೂ ಇರುತ್ತದೆ. ವಿನ್ಯಾಸಕ್ಕೆ ಮಾತ್ರ ಬೇರೆ ಸಾಲು ಇರುವುದು ಅಪರೂಪ. ಫ್ಲೆಕ್ಸ್ ಅಂಗಡಿಗಳಲ್ಲಂತೂ ಎಲ್ಲವೂ ಚದರ ಅಡಿ ಲೆಕ್ಕ. ಕಂಪ್ಯೂಟರ್ ಮುಂದೆ ಕೂತ ಹುಡುಗ ಗಿರಾಕಿಯ ಎದುರಿಗೇ ಕೋರೆಲ್‌ಡ್ರಾ ತೆರೆದು, ಫೋಟೊ ಜೋಡಿಸಿ, ಹೆಸರು ಬರೆದು, ಹೇಳಿದ ಹಾಗೆಲ್ಲ ಬಣ್ಣ ಬದಲಿಸುತ್ತಾನೆ. ಅವನ ಆ ಮುಕ್ಕಾಲು ಗಂಟೆ ಚದರ ಅಡಿಯ ದರದೊಳಗೇ ಸೇರಿಹೋಗುತ್ತದೆ. ಮುದ್ರಣಕ್ಕೆ ಹೆಸರಾದ ಗದಗದಲ್ಲೂ ಇದೇ ರೂಢಿ, ಬೆಂಗಳೂರಿನಲ್ಲೂ ಇದೇ.

ಹೀಗೆ ಪುಕ್ಕಟೆ ಸಿಗುತ್ತದೆಂದು ಜನ ನಂಬಿರುವ ವಸ್ತುವನ್ನೇ ಹಣಕ್ಕೆ ಮಾರಬೇಕು, ಅದೂ ಒಬ್ಬರೇ ಕೂತು. ಒಂದಾಳಿನ ಡಿಸೈನ್ ಸ್ಟುಡಿಯೊದ ಮೊದಲ ಕಷ್ಟ ಇದು.

ಕಸುಬು ಕಲಿಸುವ ಜಾಗಗಳಿಗೆ ಕೊರತೆಯಿಲ್ಲ. ಅಹಮದಾಬಾದಿನ ರಾಷ್ಟ್ರೀಯ ವಿನ್ಯಾಸ ಸಂಸ್ಥೆ 1961ರಲ್ಲಿ ಶುರುವಾಯಿತು. ಅದರ ಬೆಂಗಳೂರು ಕೇಂದ್ರ 2006ರಲ್ಲಿ ಬಂತು. ಬೆಂಗಳೂರಿನ ಸೃಷ್ಟಿ ಸಂಸ್ಥೆ 1996ರದ್ದು. ಮೈಸೂರಿನ ಕಲಾ ಕಾಲೇಜು ಕಾವಾ ಇದೆ, ಆರ್.ಎಂ. ಹಡಪದರು ಕಟ್ಟಿದ ಕೆನ್ ಕಲಾಶಾಲೆ ಇದೆ. ಇವುಗಳಿಂದ ಬಂದವರೂ, ಪ್ರೆಸ್ಸಿನಲ್ಲೇ ಡಿಟಿಪಿ ಮಾಡುತ್ತ ಕಣ್ಣು ಪಳಗಿಸಿಕೊಂಡವರೂ ಸ್ವಂತ ಹೆಸರಲ್ಲಿ ಕೆಲಸ ಹಿಡಿಯುತ್ತಾರೆ. ಅಕ್ಷರ, ಬಣ್ಣ, ಜಾಗ ಬಿಡುವ ಹದ ಇವರಿಗೆ ಗೊತ್ತು. ತಮ್ಮ ಒಂದು ದಿನದ ಬೆಲೆ ಎಷ್ಟು ಎಂಬುದು ಮಾತ್ರ ಹಲವರಿಗೆ ಗೊತ್ತಿರುವುದಿಲ್ಲ. ಈ ವ್ಯಾಪಾರದ ಅಸಲಿ ಬಂಡವಾಳ ಕಂಪ್ಯೂಟರ್ ಅಲ್ಲ, ಆ ದಿನಗಳು. ದರ, ಮುಂಗಡ, ಕರೆಕ್ಷನ್ನಿನ ಮಿತಿ, ಹಕ್ಕುಪತ್ರ, ರಜೆ, ಎಲ್ಲವೂ ಆ ದಿನಗಳನ್ನು ಕಾಯಲು ಇರುವ ಏರ್ಪಾಡುಗಳು.

ಒಂದು ಲೆಕ್ಕ ಹಾಕಿ ನೋಡೋಣ. ವರ್ಷಕ್ಕೆ 365 ದಿನ. 52 ಭಾನುವಾರ ಹೋದರೆ 313. ಹಬ್ಬ, ಮನೆಯ ಮದುವೆ-ಮುಂಜಿ, ಜ್ವರ, ಊರಿಗೆ ಹೋಗಿಬರುವುದು ಎಂದು 33 ದಿನ ಕಳೆದರೆ ಉಳಿಯುವುದು 280. ಅಷ್ಟೂ ದಿನ ಬಿಲ್ ಮಾಡುವಂಥ ಕೆಲಸ ಆಗುವುದಿಲ್ಲ. ಹೊಸ ಗಿರಾಕಿಯ ಜೊತೆ ಮಾತು, ಕೊಟೇಶನ್ ಬರೆಯುವುದು, ಪ್ರೆಸ್ಸಿಗೆ ಓಡಾಟ, ಬಾಕಿ ವಸೂಲಿಗೆ ಫೋನು, ಆಡಿಟರ್‌ಗೆ ಕಾಗದ ಒದಗಿಸುವುದು, ಹೊಸ ಸಾಫ್ಟ್‌ವೇರ್ ಕಲಿಯುವುದು ಇವೆಲ್ಲ ಒಬ್ಬರ ತಲೆಯ ಮೇಲೇ ಬೀಳುವುದರಿಂದ ಅರ್ಧ ದಿನಗಳು ಅಲ್ಲೇ ಮುಗಿಯುತ್ತವೆ. ದುಡ್ಡು ತರುವ ದಿನಗಳು 140.

ಇನ್ನು ಖರ್ಚಿನ ಕಡೆ. ಮನೆಗೆ ತಿಂಗಳಿಗೆ 40,000 ಬೇಕು ಎಂದಿಟ್ಟುಕೊಂಡರೆ ವರ್ಷಕ್ಕೆ 4,80,000. ಇಂಟರ್ನೆಟ್, ವಿದ್ಯುತ್, ಸಾಫ್ಟ್‌ವೇರ್ ಚಂದಾ, ನಾಲ್ಕು ವರ್ಷಕ್ಕೊಮ್ಮೆ ಬದಲಿಸಲೇಬೇಕಾದ ಕಂಪ್ಯೂಟರಿಗೆ ಎತ್ತಿಡುವ ಹಣ, ಆಡಿಟರ್ ಫೀಸು ಸೇರಿ ಸ್ಟುಡಿಯೊಗೆ 1,20,000. ಆರೋಗ್ಯ ವಿಮೆಗೂ ಮುಪ್ಪಿನ ಉಳಿತಾಯಕ್ಕೂ 1,20,000. ಕೆಲಸ ಬಾರದ ತಿಂಗಳುಗಳಿಗೆಂದು ಇನ್ನೊಂದು 1,20,000. ಒಟ್ಟು 8,40,000. ಇದನ್ನು 140ರಿಂದ ಭಾಗಿಸಿದರೆ ಒಂದು ದಿನಕ್ಕೆ 6,000 ರೂಪಾಯಿ.

ಈ ಒಂದು ಅಂಕಿ ಕೈಯಲ್ಲಿದ್ದರೆ ಎಷ್ಟೋ ಗೊಂದಲ ತಿಳಿಯಾಗುತ್ತದೆ. ಲೋಗೊಗೆ ನಾಲ್ಕು ದಿನ ಹಿಡಿಯುವುದಾದರೆ ಅದರ ಅಸಲು 24,000. ಅದನ್ನು 3,000ಕ್ಕೆ ಒಪ್ಪಿಕೊಂಡವರು ಉಳಿದ 21,000ವನ್ನು ತಮ್ಮ ಮನೆಯ ಖರ್ಚಿನಿಂದ ಗಿರಾಕಿಗೆ ಕೊಟ್ಟಂತಾಯಿತು. ಕೆಲವೊಮ್ಮೆ ಹಾಗೆ ಕೊಡಲೂಬಹುದು. ಸಾವಿರ ಪ್ರತಿಯ ಕವನ ಸಂಕಲನಕ್ಕೆ ಮುಖಪುಟ ಮಾಡುವವರು, ಊರಿನ ರಂಗತಂಡಕ್ಕೆ ಪೋಸ್ಟರ್ ಮಾಡುವವರು ದುಡ್ಡಿನ ಲೆಕ್ಕಕ್ಕೆ ಅದನ್ನು ಮಾಡುವುದಿಲ್ಲ. ಕನ್ನಡದ ಒಳ್ಳೆಯ ಮುಖಪುಟಗಳಲ್ಲಿ ಬಹಳಷ್ಟು ಹೀಗೆ ಪ್ರೀತಿಯಿಂದ ಆದವು. ಆದರೆ ಎಷ್ಟು ದಿನ ಕೊಡುತ್ತಿದ್ದೇವೆ ಎಂದು ತಿಳಿದು ಕೊಡುವುದು ಬೇರೆ, ತಿಳಿಯದೆ ಕಳೆದುಕೊಳ್ಳುವುದು ಬೇರೆ. ವರ್ಷಕ್ಕೆ ಹತ್ತು ದಿನ ಪುಸ್ತಕಗಳಿಗೆ ಎಂದು ಮೊದಲೇ ಎತ್ತಿಟ್ಟವರು ಹನ್ನೊಂದನೆಯ ದಿನ ಬೇಡುವ ಮುಖಪುಟಕ್ಕೆ ಬೇಸರವಿಲ್ಲದೆ 'ಈ ವರ್ಷ ಆಗುವುದಿಲ್ಲ' ಎನ್ನಬಲ್ಲರು.

ದಿನದ ಅಸಲು ಗೊತ್ತಿರಬೇಕು ಎಂದರೆ ಗಿರಾಕಿಗೆ ದಿನದ ಲೆಕ್ಕದಲ್ಲೇ ಬಿಲ್ ಕೊಡಬೇಕು ಎಂದಲ್ಲ. ಗಂಟೆಯ ಲೆಕ್ಕದ ದೌರ್ಬಲ್ಯಕ್ಕೆ ನೈಕಿಯ ಗುರುತಿಗಿಂತ ದೊಡ್ಡ ಸಾಕ್ಷಿ ಬೇಕಿಲ್ಲ. 1971ರಲ್ಲಿ ಅಮೆರಿಕದ ಪೋರ್ಟ್‌ಲೆಂಡ್ ಸ್ಟೇಟ್ ವಿಶ್ವವಿದ್ಯಾಲಯದ ವಿದ್ಯಾರ್ಥಿನಿ ಕ್ಯಾರೊಲಿನ್ ಡೇವಿಡ್ಸನ್ ಗಂಟೆಗೆ ಎರಡು ಡಾಲರಿನಂತೆ ದುಡಿದು, ಆ ಗುರುತಿಗೆ 35 ಡಾಲರ್ ಬಿಲ್ ಮಾಡಿದರು. ಕಂಪನಿಯ ಫಿಲ್ ನೈಟ್ 1983ರಲ್ಲಿ ಅವರನ್ನು ಕರೆದು ಷೇರುಗಳನ್ನೂ ಚಿನ್ನದ ಉಂಗುರವನ್ನೂ ಕೊಟ್ಟರು. ಅದು ಅವರ ದೊಡ್ಡತನ. ಬಿಲ್ಲಿನಲ್ಲಿ ಹಾಗೆ ಬರೆದಿರಲಿಲ್ಲ. ಇನ್ನೊಂದು ತುದಿಯಲ್ಲಿ ಪಾಲ್ ರ್‍ಯಾಂಡ್ ಇದ್ದಾರೆ. 1986ರಲ್ಲಿ ಸ್ಟೀವ್ ಜಾಬ್ಸ್ ತಮ್ಮ ಹೊಸ ಕಂಪನಿ ನೆಕ್ಸ್ಟ್‌ಗೆ ಲೋಗೊ ಕೇಳಿದಾಗ ರ್‍ಯಾಂಡ್ ಹೇಳಿದ ದರ ಒಂದು ಲಕ್ಷ ಡಾಲರ್. ಹಲವು ಮಾದರಿಗಳನ್ನು ತೋರಿಸಲು ಅವರು ಒಪ್ಪಲಿಲ್ಲ. ಕೊಟ್ಟದ್ದು ಒಂದೇ ಲೋಗೊ, ಅದರ ಜೊತೆಗೆ ಅದು ಯಾಕೆ ಹಾಗಿದೆ ಎಂದು ಹೆಜ್ಜೆ ಹೆಜ್ಜೆಯಾಗಿ ವಿವರಿಸುವ ನೂರು ಪುಟದ ಪುಸ್ತಿಕೆ. ಅಷ್ಟು ಹೊತ್ತಿಗೆ ಐಬಿಎಂನ ಗುರುತು ಮಾಡಿ ಮೂವತ್ತು ವರ್ಷ ಕಳೆದಿದ್ದ ಹಿರಿಯರು ಅವರು. ಧಾರವಾಡದಲ್ಲಿ ಹೊಸದಾಗಿ ಶುರು ಮಾಡಿದವರಿಗೆ ಅವರ ದರ ನಿಲುಕದು, ಸರಿ. ಆ ಪುಸ್ತಿಕೆಯ ರೀತಿ ಮಾತ್ರ ಯಾರಿಗಾದರೂ ನಿಲುಕುತ್ತದೆ. ಮೂರು ಲೋಗೊ ವಾಟ್ಸ್ಆ್ಯಪಿನಲ್ಲಿ ಕಳಿಸಿ 'ಯಾವುದು ಇಷ್ಟ ಆಯ್ತು ಸರ್' ಎಂದು ಕೇಳಿದವರು ತೀರ್ಮಾನವನ್ನು ಗಿರಾಕಿಯ ಭಾವಮೈದುನನಿಗೆ ಬಿಟ್ಟುಕೊಟ್ಟಿರುತ್ತಾರೆ. ಒಂದನ್ನೇ ತಂದು, ಕಾರಣ ಹೇಳಿ, ಬೋರ್ಡಿನ ಮೇಲೆ, ಚೀಲದ ಮೇಲೆ, ಮೊಬೈಲಿನ ಚಿಕ್ಕ ಚೌಕದಲ್ಲಿ ಹೇಗೆ ಕಾಣುತ್ತದೆ ಎಂದು ತೋರಿಸಿದವರು ತಮ್ಮ ವಿವೇಕಕ್ಕೆ ಬೆಲೆ ಕೇಳುತ್ತಿರುತ್ತಾರೆ.

ಆ ವಿವೇಕ ಎಂದರೆ ಏನೆಂದು ಹತ್ತಿರದಿಂದ ನೋಡುವುದು ಒಳ್ಳೆಯದು. ಉತ್ತರ ಕರ್ನಾಟಕದ ಒಂದು ಸ್ವಸಹಾಯ ಸಂಘ ಶೇಂಗಾ ಚಟ್ನಿಪುಡಿಯನ್ನು 200 ಗ್ರಾಂ ಪೌಚಿನಲ್ಲಿ ಮಾರಲು ಹೊರಟಿದೆ ಎಂದುಕೊಳ್ಳಿ. ಸಂಘದವರು ಕೇಳುವುದು ಚೆಂದದ ಚಿತ್ರ, ದೊಡ್ಡ ಹೆಸರು. ಪೌಚು ಅಂಗಡಿಯ ಕಪಾಟು ಹತ್ತಬೇಕಾದರೆ ಅಷ್ಟು ಸಾಲದು. 14 ಅಂಕಿಯ ಎಫ್‌ಎಸ್‌ಎಸ್‌ಎಐ ಸಂಖ್ಯೆ ಬೇಕು, ಹಸಿರು ಚೌಕದೊಳಗೆ ಹಸಿರು ಚುಕ್ಕೆಯ ಸಸ್ಯಾಹಾರದ ಗುರುತು ಬೇಕು, ಸಾಮಗ್ರಿಗಳ ಪಟ್ಟಿ, ನಿವ್ವಳ ತೂಕ, ಎಂಆರ್‌ಪಿ, ತಯಾರಕರ ವಿಳಾಸ, ದೂರು ಹೇಳಲು ಫೋನ್ ನಂಬರ್ ಬೇಕು. ಶೇಂಗಾ ಅಲರ್ಜಿ ತರುವ ಪದಾರ್ಥ, ಅದನ್ನು ಎದ್ದು ಕಾಣುವಂತೆ ಹೇಳಬೇಕು. ತಯಾರಿಸಿದ ದಿನ, ಬ್ಯಾಚ್ ನಂಬರ್ ಒತ್ತಲು ಖಾಲಿ ಜಾಗ ಬಿಡಬೇಕು. ಅದು ಮೇಲಿನ ಸೀಲಿನ ಪಟ್ಟಿಯೊಳಗೆ ಸಿಕ್ಕಿಕೊಳ್ಳಬಾರದು. ಪಾರದರ್ಶಕ ಫಿಲ್ಮಿನ ಮೇಲೆ ಒತ್ತುವುದಾದರೆ ಬಣ್ಣಗಳ ಹಿಂದೆ ಬಿಳಿಯ ಪದರ ಎಲ್ಲಿರಬೇಕು, ಪುಡಿಯೇ ಕಾಣುವ ಕಿಟಕಿ ಎಲ್ಲಿರಬೇಕು ಎಂದು ಬೇರೆ ಗುರುತು ಮಾಡಬೇಕು. ಗ್ರೇವಿಯರ್ ಮುದ್ರಣದಲ್ಲಿ ಒಂದೊಂದು ಬಣ್ಣಕ್ಕೆ ಒಂದೊಂದು ಸಿಲಿಂಡರ್ ಕೊರೆಯುತ್ತಾರೆ. ಕೊರೆದ ಮೇಲೆ ವಿಳಾಸದ ಪಿನ್‌ಕೋಡ್ ತಪ್ಪಿದೆ ಎಂದು ಗೊತ್ತಾದರೆ ಹೊಸ ಸಿಲಿಂಡರಿನ ಖರ್ಚು ತಲೆಗೆ ಕಟ್ಟಿತೆಂದೇ ಅರ್ಥ. ಈ ತಪ್ಪುಗಳು ಆಗದಂತೆ ನೋಡಿಕೊಳ್ಳುವುದಕ್ಕೇ ಸಂಘ ದುಡ್ಡು ಕೊಡುತ್ತಿದೆ ಎಂದು ತಿಳಿಸಿ ಹೇಳಿದರೆ ಯಾವ ಸಂಘವೂ ದರದ ಬಗ್ಗೆ ಬಹಳ ಹೊತ್ತು ಎಳೆದಾಡುವುದಿಲ್ಲ.

ಕನ್ನಡ ಅಕ್ಷರದ ಕೆಲಸವೂ ಹೀಗೆಯೇ ಒಂದು ಗಟ್ಟಿ ನೆಲೆ. ಹಳೆಯ ನುಡಿ ಅಥವಾ ಬರಹ ತಂತ್ರಾಂಶದ ಫೈಲಿನಿಂದ ತಂದ ಪಠ್ಯವನ್ನು ಯೂನಿಕೋಡ್ ಫಾಂಟಿಗೆ ಅಂಟಿಸಿದರೆ ಅರ್ಥವಿಲ್ಲದ ಚಿಹ್ನೆಗಳು ಬರುತ್ತವೆ. ಪರಿವರ್ತಿಸಿಕೊಂಡರೂ ಕೂತು ಒಮ್ಮೆ ಓದಲೇಬೇಕು. ಇನ್‌ಡಿಸೈನಿನಲ್ಲಿ ವರ್ಲ್ಡ್-ರೆಡಿ ಕಂಪೋಸರ್ ಆರಿಸಿಕೊಳ್ಳದಿದ್ದರೆ ಒತ್ತಕ್ಷರಗಳು ಬಿಡಿಬಿಡಿಯಾಗಿ ಚೆಲ್ಲುತ್ತವೆ. 'ಕರ್ವ್ ಮಾಡಿ ಕಳ್ಸಿ' ಎಂದು ಪ್ರೆಸ್ಸಿನವರು ಹೇಳುವುದು ಇಂಥ ಅಪಾಯಗಳಿಗಾಗಿಯೇ. ಅಕ್ಷರ ರೇಖೆಯಾಗಿಬಿಟ್ಟರೆ ಅವರ ಯಂತ್ರದಲ್ಲಿ ಫಾಂಟ್ ಇಲ್ಲದಿದ್ದರೂ ಮುರಿಯುವುದಿಲ್ಲ. ಎರಡು ಸಾಲಿನ ನಡುವೆ ಇಂಗ್ಲಿಷಿಗೆ ಸಾಕಾಗುವ ಅಂತರ ಕನ್ನಡಕ್ಕೆ ಸಾಲದು. ಮೇಲಿನ ಸಾಲಿನ ಒತ್ತು ಕೆಳಗಿನ ಸಾಲಿನ ಗುಡಿಸಿಗೆ ತಾಗುತ್ತದೆ. ಏಕ್ ಟೈಪ್ ಸಂಸ್ಥೆಯ ಅನೇಕ್ ಕನ್ನಡ, ಬಲೂ ತಮ್ಮ, ವೈಷ್ಣವಿ ಮೂರ್ತಿ ಮತ್ತು ಹ್ವಾನ್ ಲೂಯಿಸ್ ಬ್ಲಾಂಕೊ ರೂಪಿಸಿದ ಅಕಯ ಕನಡಕದಂಥ ಫಾಂಟುಗಳು ಈಗ ಉಚಿತವಾಗಿಯೇ ಸಿಗುತ್ತವೆ. ಫಾಂಟ್ ಸಿಕ್ಕಿದೆ ಎಂದ ಮಾತ್ರಕ್ಕೆ ಅದನ್ನು ಕೂಡಿಸುವ ಕಣ್ಣು ಸಿಕ್ಕಿತು ಎಂದಾಗುವುದಿಲ್ಲ. ಬೆಂಗಳೂರಿನ ದೊಡ್ಡ ಏಜೆನ್ಸಿಗಳಿಗೂ ಕನ್ನಡವನ್ನು ಚೆನ್ನಾಗಿ ಕೂಡಿಸಿಕೊಡುವವರು ಬೇಕು. ಅಂಗಡಿ ಮುಂಗಟ್ಟುಗಳ ನಾಮಫಲಕದಲ್ಲಿ ಶೇ 60ರಷ್ಟು ಕನ್ನಡ ಇರಲೇಬೇಕು, ಅದೂ ಫಲಕದ ಮೇಲ್ಭಾಗದಲ್ಲಿರಬೇಕು ಎಂದು ರಾಜ್ಯ 2024ರಲ್ಲಿ ಕಾನೂನು ತಿದ್ದಿತು. ಆ ನಿಯಮವನ್ನು ಎಷ್ಟೋ ಕಡೆ ಇಂಗ್ಲಿಷ್ ಲೋಗೊದ ಮೇಲೆ ಸಿಕ್ಕಿದ ಫಾಂಟಿನ ಕನ್ನಡ ಹೇರಿ ಪಾಲಿಸಿದ್ದು ಬೀದಿಯಲ್ಲಿ ನಡೆದವರಿಗೆಲ್ಲ ಕಾಣುತ್ತದೆ. ಎರಡೂ ಲಿಪಿಗಳನ್ನು ಒಂದೇ ಮನೆಯವರಂತೆ ಕಾಣಿಸಬಲ್ಲವರಿಗೆ ಇಲ್ಲಿ ವರ್ಷಗಟ್ಟಲೆ ಕೆಲಸವಿದೆ. 'ಎಲ್ಲಾ ಡಿಸೈನ್ ಮಾಡ್ತೀವಿ' ಎನ್ನುವ ಬೋರ್ಡಿಗಿಂತ 'ಕನ್ನಡ ಪ್ಯಾಕೇಜಿಂಗ್', 'ಕನ್ನಡ ನಾಮಫಲಕ' ಎಂಬ ಒಂದೇ ಹೆಸರು ಒಬ್ಬರೇ ದುಡಿಯುವವರಿಗೆ ಹೆಚ್ಚು ಗಿರಾಕಿಗಳನ್ನು ತರುತ್ತದೆ. ಒಂದೇ ಬಗೆಯ ಕೆಲಸ ಮತ್ತೆ ಮತ್ತೆ ಮಾಡಿದರೆ ನಾಲ್ಕು ದಿನದ ಕೆಲಸ ಮೂರಕ್ಕೆ ಇಳಿಯುತ್ತದೆ, ದರ ಮಾತ್ರ ಇಳಿಯಬೇಕಿಲ್ಲ.

ದಿನಗಳು ಸೋರಿಹೋಗುವ ದೊಡ್ಡ ತೂತು ಕರೆಕ್ಷನ್ನು. 'ಸ್ವಲ್ಪ ದೊಡ್ಡದು ಮಾಡಿ', 'ಇನ್ನೊಂದು ಕಲರ್ ನೋಡೋಣ' ಎಂಬ ಸಂದೇಶಗಳು ರಾತ್ರಿ ಹತ್ತಕ್ಕೂ ಬರುತ್ತವೆ. ಗಿರಾಕಿಯ ತಪ್ಪೇನಿಲ್ಲ, ಎಷ್ಟು ಸಲ ಕೇಳಬಹುದು ಎಂದು ಅವರಿಗೆ ಯಾರೂ ಹೇಳಿರುವುದಿಲ್ಲ. ಕೊಟೇಶನ್ನಿನಲ್ಲೇ ಎರಡು ಸುತ್ತು ತಿದ್ದುಪಡಿ ಎಂದು ಬರೆದು, ಮೂರನೆಯದಕ್ಕೆ ಅರ್ಧ ದಿನದ ದರ ಎಂದು ಸೇರಿಸಿದರೆ ಸಂದೇಶಗಳು ತಾವಾಗಿ ಒಟ್ಟುಗೂಡಿ ಬರುತ್ತವೆ. ಕೆಲಸ ಶುರುವಾಗುವ ಮೊದಲು ಅರ್ಧ ಹಣ, ಫೈನಲ್ ಫೈಲ್ ಕೈಸೇರುವ ಮೊದಲು ಉಳಿದರ್ಧ. ಅಡ್ವಾನ್ಸ್ ಕೇಳಲು ನಮ್ಮ ಕಡೆ ಸಂಕೋಚ ಹೆಚ್ಚು, ಅದರಲ್ಲೂ ಪರಿಚಯದವರ ಮೂಲಕ ಬಂದ ಕೆಲಸದಲ್ಲಿ. ಬಡಗಿಗೂ ಅಡುಗೆ ಭಟ್ಟರಿಗೂ ಮುಂಗಡ ಕೊಡುವ ಊರಿನಲ್ಲಿ ವಿನ್ಯಾಸಕರು ಮಾತ್ರ ಸಂಕೋಚಪಡಬೇಕಾದ ಕಾರಣವಿಲ್ಲ.

ಬಾಕಿ ಹಣದ ವಿಷಯದಲ್ಲಿ ಕಾನೂನು ಸಣ್ಣವರ ಪರವಾಗಿಯೇ ಇದೆ, ಬಳಸಿಕೊಳ್ಳುವವರು ಕಡಿಮೆ. ಉದ್ಯಮ್ ಪೋರ್ಟಲ್ 2020ರ ಜುಲೈಯಿಂದ ಇದೆ. ನೋಂದಣಿ ಪೂರ್ತಿ ಉಚಿತ, ಆಧಾರ್ ಮತ್ತು ಪ್ಯಾನ್ ಸಾಕು. ಹೀಗೆ ನೋಂದಾಯಿಸಿಕೊಂಡ ಕಿರು ಉದ್ದಿಮೆಗೆ, 2006ರ ಎಂಎಸ್‌ಎಂಇ ಅಭಿವೃದ್ಧಿ ಕಾಯ್ದೆಯ ಪ್ರಕಾರ, ಲಿಖಿತ ಒಪ್ಪಂದ ಇಲ್ಲದಿದ್ದರೆ 15 ದಿನದೊಳಗೆ ಹಣ ಸಲ್ಲಬೇಕು. ಒಪ್ಪಂದ ಇದ್ದರೂ 45 ದಿನ ಮೀರುವಂತಿಲ್ಲ. ಮೀರಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳ ಲೆಕ್ಕದ ಚಕ್ರಬಡ್ಡಿ. 2024ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ಆದಾಯ ತೆರಿಗೆಯ ನಿಯಮ ಇದಕ್ಕೆ ಇನ್ನಷ್ಟು ಬಲ ಕೊಟ್ಟಿತು: ಅವಧಿ ಮೀರಿ ವರ್ಷಾಂತ್ಯಕ್ಕೂ ಬಾಕಿ ಉಳಿದ ಬಿಲ್ಲನ್ನು, ಕೆಲಸ ಮಾಡಿಸಿಕೊಂಡ ಕಂಪನಿ ಆ ವರ್ಷದ ಖರ್ಚಾಗಿ ತೋರಿಸಿಕೊಳ್ಳುವಂತಿಲ್ಲ. ಹಾಗಾಗಿ ಬಿಲ್ಲಿನ ತಲೆಬರಹದ ಕೆಳಗೆ ಉದ್ಯಮ್ ಸಂಖ್ಯೆ ಅಚ್ಚಾಗಿದ್ದರೆ ಕಂಪನಿಯ ಅಕೌಂಟ್ಸ್ ವಿಭಾಗ ಅದನ್ನು ಬೇರೆ ಕಣ್ಣಿನಿಂದ ನೋಡುತ್ತದೆ. ಒಳ್ಳೆಯ ಸಂಬಂಧ ಇರುವ ಗಿರಾಕಿಯ ಮೇಲೆ ಬಡ್ಡಿ ಹಾಕಬೇಕಾದ ಪ್ರಸಂಗ ಬರುವುದು ಅಪರೂಪ. ಸಂಖ್ಯೆ ಕಂಡರೆ ಸಾಕು.

ಹಕ್ಕಿನ ವಿಷಯ ಇನ್ನೂ ಹೆಚ್ಚು ಜನಕ್ಕೆ ತಿಳಿಯದು. 1957ರ ಕೃತಿಸ್ವಾಮ್ಯ ಕಾಯ್ದೆಯಂತೆ ನೌಕರರು ನೌಕರಿಯ ಭಾಗವಾಗಿ ಮಾಡಿದ್ದು ಮಾಲೀಕರಿಗೆ ಸೇರುತ್ತದೆ. ಹಣ ಪಡೆದು ಮಾಡಿಕೊಟ್ಟ ಫೋಟೊ, ಭಾವಚಿತ್ರದಂಥ ಕೆಲವು ಕೃತಿಗಳು, ಬೇರೆ ಮಾತು ಆಗಿರದಿದ್ದರೆ, ಮಾಡಿಸಿದವರಿಗೆ ಸೇರುತ್ತವೆ. ಇವನ್ನು ಬಿಟ್ಟರೆ ಸ್ವತಂತ್ರವಾಗಿ ದುಡಿಯುವವರು ರಚಿಸಿದ ಕೃತಿಯ ಮೊದಲ ಒಡೆತನ ರಚಿಸಿದವರದ್ದೇ. ಹಕ್ಕು ಕೈಬದಲಾಗಬೇಕಾದರೆ ಬರಹದಲ್ಲಿರಬೇಕು, ಸಹಿ ಇರಬೇಕು. ಎಷ್ಟು ವರ್ಷಕ್ಕೆ ಎಂದು ಬರೆಯದಿದ್ದರೆ ಐದು ವರ್ಷ ಎಂದೂ, ಯಾವ ಪ್ರದೇಶಕ್ಕೆ ಎಂದು ಬರೆಯದಿದ್ದರೆ ಭಾರತಕ್ಕೆ ಎಂದೂ ಕಾನೂನೇ ತುಂಬಿಕೊಳ್ಳುತ್ತದೆ. ಇದು ಗಿರಾಕಿಯನ್ನು ಹೆದರಿಸಲು ಇರುವ ಅಸ್ತ್ರವಲ್ಲ. ಲೋಗೊ ಮಾಡಿಸಿದ ಉಪ್ಪಿನಕಾಯಿ ಕಂಪನಿಗೆ ಆ ಲೋಗೊ ಪೂರ್ತಿಯಾಗಿ, ಶಾಶ್ವತವಾಗಿ ಬೇಕು, ಅದು ನ್ಯಾಯ. ಬಾಕಿ ಪೂರ್ತಿ ಸಂದ ದಿನ ಲೋಗೊದ ಹಕ್ಕು ಪೂರ್ತಿ ವರ್ಗವಾಗುತ್ತದೆ ಎಂಬ ಒಂದು ಪುಟದ ಪತ್ರ ಇಬ್ಬರಿಗೂ ರಕ್ಷೆ. ಒಪ್ಪಿಗೆಯಾಗದೆ ಉಳಿದ ಮಾದರಿಗಳು, ಓಪನ್ ಫೈಲುಗಳು ಯಾರಿಗೆ ಎಂಬುದನ್ನೂ ಅದೇ ಪತ್ರದಲ್ಲಿ ಬರೆದುಬಿಡಬೇಕು. ಕ್ಯಾಲೆಂಡರಿಗೆಂದು ಬರೆದ ಚಿತ್ರಗಳನ್ನು ಒಂದು ವರ್ಷದ ಬಳಕೆಗೆ ಮಾತ್ರ ಕೊಟ್ಟವರು ಮುಂದೆ ಅವನ್ನೇ ಬೇರೊಬ್ಬರ ನೋಟ್‌ಬುಕ್ಕಿಗೆ ಕೊಡಬಹುದು. ಹೊಸ ದಿನ ಖರ್ಚು ಮಾಡದೆ ಬರುವ ಹಣ ಒಂದಾಳಿನ ವ್ಯಾಪಾರದಲ್ಲಿ ಬೇರೆ ಎಲ್ಲಿಂದ ಬಂದೀತು?

ತೆರಿಗೆಯ ಕಡೆ ಹೆದರುವಂಥದ್ದೇನಿಲ್ಲ. ಸೇವೆ ಕೊಡುವವರಿಗೆ ವರ್ಷದ ವಹಿವಾಟು 20 ಲಕ್ಷ ದಾಟುವವರೆಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲ. ದಾಟಿದರೆ ವಿನ್ಯಾಸ ಸೇವೆಗೆ ಶೇ 18. ವಿದೇಶಿ ಗಿರಾಕಿಗಳ ಕೆಲಸ ರಫ್ತು ಎನಿಸಿಕೊಳ್ಳುತ್ತದೆ. ನೋಂದಾಯಿತರು ಎಲ್‌ಯುಟಿ ಎಂಬ ಮುಚ್ಚಳಿಕೆ ಪತ್ರ ಸಲ್ಲಿಸಿದರೆ ತೆರಿಗೆ ಕಟ್ಟದೆಯೇ ಬಿಲ್ ಮಾಡಬಹುದು. ಕಂಪನಿಗಳು ವೃತ್ತಿಪರ ಶುಲ್ಕದಲ್ಲಿ ಶೇ 10 ಟಿಡಿಎಸ್ ಹಿಡಿದುಕೊಡುತ್ತವೆ. ಅದು ಕಳೆದುಹೋದ ಹಣವಲ್ಲ, ರಿಟರ್ನ್ ಸಲ್ಲಿಸಿದರೆ ಲೆಕ್ಕಕ್ಕೆ ಬರುತ್ತದೆ. ಆದರೆ ತಿಂಗಳ ಮನೆ ಖರ್ಚು ತೂಗಿಸುವಾಗ ಆ ಹತ್ತರಲ್ಲಿ ಒಂದು ಪಾಲು ಕೈಗೆ ಬಂದಿರುವುದಿಲ್ಲ ಎಂಬುದು ನೆನಪಿರಬೇಕು. ಸ್ಟುಡಿಯೊದ ಹಣಕ್ಕೂ ಮನೆಯ ಹಣಕ್ಕೂ ಬೇರೆ ಬೇರೆ ಬ್ಯಾಂಕ್ ಖಾತೆ ಇಟ್ಟು, ತಿಂಗಳ ಒಂದನೇ ತಾರೀಕು ತಮಗೆ ತಾವೇ ಸಂಬಳ ಕೊಟ್ಟುಕೊಳ್ಳುವವರಿಗೆ ಕೆಲಸ ಬಾರದ ತಿಂಗಳೂ ಅಷ್ಟಾಗಿ ಕಾಡುವುದಿಲ್ಲ.

ಕೆಲಸ ಹೆಚ್ಚಿದ ಕೂಡಲೇ ಎಲ್ಲರೂ ಹೇಳುವುದು 'ನಾಲ್ಕು ಜನರನ್ನು ಇಟ್ಕೊಳ್ಳಿ' ಎಂದು. ಇಟ್ಟುಕೊಳ್ಳುವುದು ತಪ್ಪಲ್ಲ. ಆಮೇಲೆ ಆ ನಾಲ್ವರಿಗೆ ಕೆಲಸ ಹುಡುಕಿಕೊಡುವುದೇ ಕೆಲಸವಾಗಿ, ಯಾವ ಕೈಯ ಗುಣ ನೋಡಿ ಗಿರಾಕಿ ಬಂದಿದ್ದರೋ ಆ ಕೈ ಡ್ರಾಯಿಂಗ್ ಬಿಟ್ಟು ಮೀಟಿಂಗಿಗೆ ಹೋಗುತ್ತದೆ. ಆಸ್ಟ್ರಿಯಾ ಮೂಲದ ವಿನ್ಯಾಸಕ ಸ್ಟೀಫನ್ ಸಾಗ್‌ಮೈಸ್ಟರ್ 1993ರಲ್ಲಿ ನ್ಯೂಯಾರ್ಕಿನಲ್ಲಿ ಸ್ಟುಡಿಯೊ ತೆರೆದಾಗ, ಅವರ ಹಿರಿಯ ಟಿಬೋರ್ ಕಾಲ್ಮನ್ ಕೊಟ್ಟ ಬುದ್ಧಿಮಾತು ಬೆಳೆಯದೆ ಇರುವುದೇ ಕಠಿಣ ಎಂಬ ಅರ್ಥದ್ದು. ಸಾಗ್‌ಮೈಸ್ಟರ್ ವರ್ಷಗಟ್ಟಲೆ ಒಬ್ಬಿಬ್ಬರ ಜೊತೆಯಲ್ಲೇ ದುಡಿದರು. ಅಷ್ಟೇ ಅಲ್ಲ, ಏಳು ವರ್ಷಕ್ಕೊಮ್ಮೆ ಪೂರ್ತಿ ಒಂದು ವರ್ಷ ಗಿರಾಕಿಗಳ ಕೆಲಸ ನಿಲ್ಲಿಸುವ ಪದ್ಧತಿ ಇಟ್ಟುಕೊಂಡರು. ನೆದರ್ಲೆಂಡ್ಸಿನ ಪುಸ್ತಕ ವಿನ್ಯಾಸಕಿ ಇರ್ಮಾ ಬೂಮ್ 1991ರಲ್ಲಿ ಆ್ಯಮ್‌ಸ್ಟರ್‌ಡ್ಯಾಮಿನಲ್ಲಿ ಕಚೇರಿ ತೆರೆದು ಅದನ್ನು ಪುಟ್ಟದಾಗಿಯೇ ಇಟ್ಟರು. ಎಸ್‌ಎಚ್‌ವಿ ಕಂಪನಿಯ ಶತಮಾನೋತ್ಸವಕ್ಕೆಂದು ಅವರು ರೂಪಿಸಿದ 2,136 ಪುಟಗಳ ಪುಸ್ತಕಕ್ಕೆ ಐದು ವರ್ಷ ಹಿಡಿಯಿತು. ಪ್ರತಿ ತಿಂಗಳು ಹತ್ತು ಸಂಬಳ ಕೊಡಬೇಕಾದ ಕಚೇರಿಗೆ ಅಂಥ ತಾಳ್ಮೆ ಕಷ್ಟ.

ಒಬ್ಬರೇ ಇರುವುದರ ಅಪಾಯವನ್ನು ಮುಚ್ಚಿಡಬಾರದು. ಆದಾಯದ ಅರ್ಧಕ್ಕಿಂತ ಹೆಚ್ಚು ಒಂದೇ ಗಿರಾಕಿಯಿಂದ ಬರುತ್ತಿದ್ದರೆ ಅದು ಪಿಎಫ್ ಇಲ್ಲದ, ರಜೆ ಇಲ್ಲದ ನೌಕರಿ. ಅಲ್ಲಿ ಮ್ಯಾನೇಜರ್ ಬದಲಾದರೆ ಸ್ಟುಡಿಯೊ ಮುಚ್ಚುತ್ತದೆ. ಕೈ ಮುರಿದರೆ, ಡೆಂಗಿ ಬಂದು ಮೂರು ವಾರ ಮಲಗಿದರೆ ಬಿಲ್ ಆಗುವ ದಿನಗಳು ಅಲ್ಲಿಗೇ ನಿಲ್ಲುತ್ತವೆ. ಇದಕ್ಕೆ ವಿಮೆಯ ಜೊತೆಗೆ ಇನ್ನೊಂದು ಏರ್ಪಾಡು ಬೇಕು. ಮೈಸೂರಿನ ಪ್ಯಾಕೇಜಿಂಗ್ ಮಾಡುವವರು, ಶಿವಮೊಗ್ಗದ ಪುಸ್ತಕ ವಿನ್ಯಾಸ ಮಾಡುವವರು, ಮಂಗಳೂರಿನ ವೆಬ್‌ಸೈಟ್ ಮಾಡುವವರು ಸ್ಪರ್ಧಿಗಳಲ್ಲ, ಒಬ್ಬರ ಕೆಲಸ ಇನ್ನೊಬ್ಬರು ಎರಡು ವಾರ ಹೊತ್ತುಕೊಳ್ಳಬಲ್ಲ ಸಹೋದ್ಯೋಗಿಗಳು. ಅದು ಸಾಧ್ಯವಾಗಬೇಕಾದರೆ ಫೈಲುಗಳಿಗೆ ಬೇರೆಯವರಿಗೂ ತಿಳಿಯುವ ಹೆಸರಿರಬೇಕು, ಬಳಸಿದ ಫಾಂಟುಗಳು ಅದೇ ಫೋಲ್ಡರಿನಲ್ಲಿರಬೇಕು, ಒಂದು ಪ್ರತಿ ಮನೆಯ ಹೊರಗೆ ಇನ್ನೊಂದು ಕಡೆ ಇರಬೇಕು, ಯಾವ ಪ್ರೆಸ್ಸಿಗೆ ಯಾವ ಕೆಲಸ ಹೋಗಿದೆ ಎಂಬ ಒಂದು ಹಾಳೆಯ ಪಟ್ಟಿ ಮನೆಯವರ ಕೈಗೂ ಸಿಗುವಂತಿರಬೇಕು. ಸಹೋದ್ಯೋಗಿ ಮಾಡಿದ ದಿನಗಳಿಗೆ ಅವರದೇ ದಿನದ ದರದಂತೆ ಹಣ ಕೊಡಬೇಕು, ಗಿರಾಕಿಗೂ ವಿಷಯ ತಿಳಿಸಬೇಕು. ಚಟ್ನಿಪುಡಿಯ ಸಂಘಕ್ಕೆ ಬೇಕಾದದ್ದು ಸಂಕ್ರಾಂತಿಯ ಹೊತ್ತಿಗೆ ಪೌಚು. ಸಿಲಿಂಡರ್ ಕೊರೆಯುವ ಮೊದಲು ಕೊನೆಯ ಪ್ರೂಫ್ ನೋಡಿ ಸಹಿ ಹಾಕಲು ತಿಳಿದವರೊಬ್ಬರು ಇದ್ದರೆ ಅವರಿಗೆ ಸಾಕು.